ಭಾಗಲಬ್ಧದ ಗತಿ

ಪದವಿಪೂರ್ವ ತರಗತಿಗಳಲ್ಲಿ ಗಣಿತವನ್ನು ಅಭ್ಯಾಸ ಮಾಡುವ ಬಾಲಕಬಾಲಿಕೆಯರೆಲ್ಲರೂ ಒಂದು ಸೂತ್ರವನ್ನು ಕಂಠಪಾಠ ಮಾಡಿರುತ್ತಾರೆ. ಬದಲಾಗುತ್ತಿರುವ ಒಂದು ರಾಶಿಯನ್ನು ಬದಲಾಗುತ್ತಿರುವ ಮತ್ತೊಂದು ರಾಶಿಯಿಂದ ಭಾಗಿಸಿದರೆ ಬರುವ ಲಬ್ಧವು ಯಾವ ವೇಗದಿಂದ ಬದಲಾಗುವುದೆಂಬ ಪ್ರಶ್ನೆಗೆ ಆ ಸೂತ್ರವು ಉತ್ತರವು. ಛೇದವನ್ನು ಅಂಶದ ಗತಿಯಿಂದ ಗುಣಿಸಬೇಕು. ಅಂಶವನ್ನು ಛೇದದ ಗತಿಯಿಂದ ಗುಣಿಸಿ ಬಂದುದನ್ನು ಅದರಲ್ಲಿ ಕಳೆಯಬೇಕು. ಉಳಿದುದನ್ನು ಛೇದದ ವರ್ಗದಿಂದ ಭಾಗಿಸಬೇಕು. ಪಾಶ್ಚಾತ್ಯರು ಕ್ಯಾಲ್ಕುಲಸ್ ಎಂದು ಕರೆಯುವ, ನಮ್ಮ ದೇಶದ ಪಂಡಿತರು ಚಲನಕಲನವೆಂದು ಹೆಸರಿಟ್ಟ ಶಾಸ್ತ್ರದಲ್ಲಿ ಇದಕ್ಕೆ ಭಾಗಲಬ್ಧ ನಿಯಮವೆಂದು ಹೆಸರು.

ಸೂತ್ರವು ಎಲ್ಲರಿಗೂ ಬರುವುದು. ಏಕೆ ಹೀಗೆಂದು ಕೇಳಿದರೆ ಹೇಳಬಲ್ಲವರು ವಿರಳ. ಕಳೆಯುವುದೇಕೆ? ವರ್ಗದಿಂದ ಭಾಗಿಸುವುದೇಕೆ? ಅಂಶದ ಗತಿಯನ್ನು ಛೇದದ ಗತಿಯಿಂದ ಸುಮ್ಮನೆ ಭಾಗಿಸಿಬಿಟ್ಟರೆ ಆಗದೆ? ನಮ್ಮ ಜ್ಯೌತಿಷಿಕರು ಸೂತ್ರವನ್ನೂ ಅದರ ಉಪಪತ್ತಿಯನ್ನೂ ಒಂದನ್ನೊಂದು ಅಗಲಿಸಿ ಓದುತ್ತಿರಲಿಲ್ಲ. ಉಪಪತ್ತಿಗೆ ಅವರು ವಾಸನೆಯೆಂದೂ ಹೇಳುತ್ತಿದ್ದರು. ಭಾಸ್ಕರಾಚಾರ್ಯರು ತಮ್ಮ ಸಿದ್ಧಾಂತಶಿರೋಮಣಿಗೆ ತಾವೇ ಬರೆದ ವ್ಯಾಖ್ಯಾನಕ್ಕೆ ವಾಸನಾಭಾಷ್ಯವೆಂದೇ ಹೆಸರು. ಭಾಗಲಬ್ಧ ನಿಯಮದ ವಾಸನೆಯನ್ನು ತಿಳಿಯಬೇಕಾದರೆ ಅದರ ಚರಿತ್ರೆಯನ್ನು ತಿಳಿಯುವುದು ಒಳ್ಳೆಯ ಮಾರ್ಗವೆಂದು ನನ್ನ ಅಭಿಪ್ರಾಯ.

ಈ ಚರಿತ್ರೆಯನ್ನು ಹೇಳುವುದಕ್ಕೆ ಇನ್ನೊಂದು ಕಾರಣವೂ ಉಂಟು. ವಿದ್ಯಾವಂತರ ಮನೆಗಳಲ್ಲಿ ಈ ವಿಷಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಚಲನಕಲನದ ಗಂಧವೂ ನಮ್ಮ ಪೂರ್ವಿಕರಿಗೆ ಇರಲಿಲ್ಲ, ಎಲ್ಲವೂ ಯುರೋಪಿನಿಂದಲೇ ಬಂದಿತು ಎಂಬುದು ಒಂದು. ಎಲ್ಲವೂ ನಮ್ಮ ಓಲೆಗರಿಗಳಲ್ಲಿಯೇ ಇದ್ದಿತು, ಪಾಶ್ಚಾತ್ಯರು ಅದನ್ನು ಅಪಹರಿಸಿದರು ಎಂಬುದು ಇನ್ನೊಂದು. ಮೊದಲನೆಯದು ಪೂರ್ವಿಕರಿಗೆ ಅನ್ಯಾಯ. ಎರಡನೆಯದು ಸತ್ಯಕ್ಕೆ ಅನ್ಯಾಯ. ಈ ಒಂದು ಚಿಕ್ಕ ಸೂತ್ರವನ್ನು ಹಿಡಿದು ನೋಡಿದರೆ ಯಾರಿಗೆ ಯಾವುದು ಸಲ್ಲಬೇಕೆಂಬುದು ತಕ್ಕಮಟ್ಟಿಗೆ ಸ್ಪಷ್ಟವಾಗುವುದು.

ಪಾಲಿನ ಲೆಕ್ಕ

ಮೊದಲು ಸೂತ್ರದ ಅರ್ಥವನ್ನು ಮನೆಯ ಮಾತಿನಿಂದಲೇ ವಿಚಾರಿಸೋಣ. ಒಂದು ಅವಿಭಕ್ತ ಕುಟುಂಬದಲ್ಲಿ 20 ಜನರಿದ್ದಾರೆ. ವರ್ಷಕ್ಕೆ 3000 ಸೇರು ಅಕ್ಕಿ ಬರುತ್ತದೆ ಎಂದು ಭಾವಿಸಿರಿ. ತಲೆಗೆ 150 ಸೇರು ಪಾಲು. ಮರುವರ್ಷ ಅಕ್ಕಿ 3360 ಸೇರು ಬಂದಿತು. ಮನೆಗೆ ಒಬ್ಬ ಸೊಸೆಯೂ ಬಂದಳು. ಈಗ ಒಬ್ಬೊಬ್ಬರ ಪಾಲು ಎಷ್ಟು ಹೆಚ್ಚಿತು?

ಅಂಶದ ವೃದ್ಧಿ 360, ಛೇದದ ವೃದ್ಧಿ 1. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 360 ಸೇರು ಬರುವುದು. ಇದು ಶುದ್ಧ ಅಸಂಬದ್ಧ. ಜನರ ಸಂಖ್ಯೆ ಬದಲಾಗಲೇ ಇಲ್ಲವೆಂದು ಬಗೆದು 360ನ್ನು 20ರಿಂದ ಭಾಗಿಸಿದರೆ 18 ಸೇರು, ಇದೂ ಸರಿಯಲ್ಲ. ಮನೆಯ ಯಜಮಾನಿಯು ಲೆಕ್ಕ ಹಾಕುವ ರೀತಿಯೇ ಬೇರೆ. ಹೆಚ್ಚಾಗಿ ಬಂದ 360 ಸೇರಿನಲ್ಲಿ, ಹೊಸದಾಗಿ ಬಂದವಳಿಗೆ ಉಳಿದವರಿಗೆ ಇದ್ದಷ್ಟೇ, ಎಂದರೆ 150 ಸೇರನ್ನು, ಮೊದಲು ತೆಗೆದಿಡಬೇಕು. ಉಳಿಯುವುದು 210 ಸೇರು. ಇದನ್ನು 21 ಜನರಿಗೆ ಹಂಚಿದರೆ ತಲೆಗೆ 10 ಸೇರು. ಆದುದರಿಂದ ಹೊಸ ಪಾಲು 160. ತಾಳೆ ನೋಡಿರಿ: 160ನ್ನು 21ರಿಂದ ಗುಣಿಸಿದರೆ 3360.

ಭಾಗಲಬ್ಧ ನಿಯಮದ ಸಾರವೆಲ್ಲವೂ ಇಲ್ಲಿದೆ. ಅಂಶದ ವೃದ್ಧಿಯಲ್ಲಿ ಒಂದು ಭಾಗವನ್ನು ಛೇದದ ವೃದ್ಧಿಯು ಹಳೆಯ ಪಾಲಿನ ಪ್ರಮಾಣದಲ್ಲಿಯೇ ತಿಂದುಹಾಕುವುದು, ಅದಕ್ಕಾಗಿ ಕಳೆಯುವಿಕೆ. ತಿಂದು ಉಳಿದುದು ಮಾತ್ರ ಎಲ್ಲರಿಗೂ ಹಂಚಿಕೆಯಾಗುವುದು, ಅದಕ್ಕಾಗಿ ಭಾಗಾಕಾರ. ಬದಲಾವಣೆಯು ಕ್ಷಣಕ್ಷಣಕ್ಕೂ ಅತ್ಯಲ್ಪವಾಗಿ ನಡೆಯುತ್ತಿದ್ದರೆ ಹೊಸ ಛೇದಕ್ಕೂ ಹಳೆಯ ಛೇದಕ್ಕೂ ಭೇದವು ಎಣಿಸಬಾರದಷ್ಟು ಸಣ್ಣದಾಗುವುದು. ಆಗ 21ರ ಸ್ಥಾನದಲ್ಲಿ 20ನ್ನೇ ಇಟ್ಟುಕೊಳ್ಳಬಹುದು. ಹೀಗಾಗಿ ಸೂತ್ರವು ಈ ರೂಪವನ್ನು ತಾಳುವುದು: ಅಂಶದ ಗತಿಯಲ್ಲಿ, ಲಬ್ಧವನ್ನು ಛೇದದ ಗತಿಯಿಂದ ಗುಣಿಸಿ ಬಂದುದನ್ನು ಕಳೆದು, ಶೇಷವನ್ನು ಛೇದದಿಂದ ಭಾಗಿಸು. ಲಬ್ಧವೆಂದರೆ ಅಂಶವನ್ನು ಛೇದದಿಂದ ಒಮ್ಮೆ ಭಾಗಿಸಿದ್ದು. ಶೇಷವನ್ನು ಪುನಃ ಛೇದದಿಂದಲೇ ಭಾಗಿಸುತ್ತೇವೆ. ಎರಡು ಸಲ ಭಾಗಿಸಿದ್ದರಿಂದ ಪಠ್ಯಪುಸ್ತಕದ ರೂಪದಲ್ಲಿ ಛೇದದ ವರ್ಗವು ಬಂದಿತು. ಈ ಎರಡನೆಯ ರೂಪವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ; ಮುಂದೆ ಇದೇ ರೂಪವು ಎರಡು ದೂರದ ದೇಶಗಳಲ್ಲಿ ನಮಗೆ ಎದುರಾಗುವುದು.

ಮಂಜುಲನಿಂದ ನೀಲಕಂಠನವರೆಗೆ

ಭಿನ್ನರಾಶಿಗಳ ಗಣಿತವು ನಮ್ಮ ದೇಶದಲ್ಲಿ ಬಹು ಪ್ರಾಚೀನ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿನಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿ ಭಿನ್ನಗಳ ಕ್ರಮವನ್ನು ವಿಸ್ತಾರವಾಗಿ ನಿರೂಪಿಸಿರುವನು. ಆದರೆ ಅಲ್ಲಿಯ ಅಂಶಛೇದಗಳೆರಡೂ ಸ್ಥಿರ ರಾಶಿಗಳು. ಚಲಿಸುತ್ತಿರುವ ಅಂಶವನ್ನು ಚಲಿಸುತ್ತಿರುವ ಛೇದದಿಂದ ಭಾಗಿಸುವ ಸಂಕಟವು ಬಂದದ್ದು ಅಂಗಡಿಯಲ್ಲಿ ಅಲ್ಲ, ಪಂಚಾಂಗದಲ್ಲಿ.

ಚಂದ್ರನು ದಿನಕ್ಕೆ ಸರಾಸರಿ 790 ಕಲೆ 35 ವಿಕಲೆಗಳಷ್ಟು ಚಲಿಸುವನು. ಎಂದರೆ 13 ಅಂಶಗಳಿಗಿಂತ ಸ್ವಲ್ಪ ಹೆಚ್ಚು. ಆದರೆ ಆತನ ನಡಿಗೆಯು ಸಮವಾದುದಲ್ಲ. ಒಮ್ಮೆ 12 ಅಂಶಗಳ ಸಮೀಪಕ್ಕೆ ಇಳಿದು, ಒಮ್ಮೆ 15 ಅಂಶಗಳ ಸಮೀಪಕ್ಕೆ ಏರುವನು. ತಿಥಿಯ ಅಂತ್ಯವನ್ನೋ ಗ್ರಹಣದ ಸ್ಪರ್ಶಕಾಲವನ್ನೋ ಹೇಳಬೇಕಾದವನಿಗೆ ಚಂದ್ರನು ಆ ಹೊತ್ತಿನಲ್ಲಿ ಎಲ್ಲಿರುವನೆಂದು ತಿಳಿದರೆ ಸಾಲದು. ಆ ಹೊತ್ತಿನಲ್ಲಿ ಎಷ್ಟು ವೇಗದಿಂದ ಹೋಗುತ್ತಿರುವನೆಂದೂ ತಿಳಿಯಬೇಕು. ನಿನ್ನೆಯ ಸ್ಥಾನವನ್ನು ಇಂದಿನ ಸ್ಥಾನದಿಂದ ಕಳೆದರೆ ದೊರೆಯುವುದು ಸ್ಥೂಲಗತಿ. ಬೇಕಾದದ್ದು ತಾತ್ಕಾಲಿಕ ಗತಿ. ಈ ಹೆಸರನ್ನೂ ಈ ವಿವೇಚನೆಯನ್ನೂ ಸ್ಪಷ್ಟವಾಗಿ ಬೋಧಿಸಿದವರು ಶಕ 1072ರಲ್ಲಿ, ಎಂದರೆ 1150ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯರು.

ಅವರಿಗಿಂತ ಎರಡು ಶತಮಾನಗಳಿಗೂ ಹಿಂದೆ, ಶಕ 854ರಲ್ಲಿ, ಎಂದರೆ 932ರಲ್ಲಿ, ಮಂಜುಲನು ಲಘುಮಾನಸವೆಂಬ ಅತಿ ಸಂಕ್ಷಿಪ್ತವಾದ ಗ್ರಂಥವನ್ನು ಬರೆದಿದ್ದನು. ಗ್ರಹದ ಮಧ್ಯಮ ಸ್ಥಾನಕ್ಕೆ ಮಾಡಬೇಕಾದ ಮಂದಸಂಸ್ಕಾರವನ್ನು ಅವನು ಒಂದು ಭಾಗಾಕಾರದಿಂದ ಸಾಧಿಸುವನು. ಭಾಜ್ಯವು ಕೇಂದ್ರದ ಭುಜಜ್ಯೆಯಿಂದ ಬರುವುದು. ಭಾಜಕವಾದ ಛೇದಕ್ಕೆ ಅದೇ ಕೇಂದ್ರದ ಕೋಟಿಯಿಂದ ಸಂಸ್ಕಾರ. ಗ್ರಹವು ಚಲಿಸಿದಂತೆ ಕೇಂದ್ರವು ಬದಲಾಗುವುದು. ಕೇಂದ್ರವು ಬದಲಾದಂತೆ ಭಾಜ್ಯವೂ ಭಾಜಕವೂ ಎರಡೂ ಬದಲಾಗುವುವು. ಮಂಜುಲನು ಗತಿಗೂ ಒಂದು ಸೂತ್ರವನ್ನು ಕೊಟ್ಟಿರುವನು: ಕೋಟಿಯನ್ನು ಗತಿಯಿಂದ ಗುಣಿಸಿ ಛೇದದಿಂದ ಭಾಗಿಸಬೇಕು. ಭುಜಜ್ಯೆಯು ಬದಲಾಗುವ ಪ್ರಮಾಣವು ಕೋಟಿಜ್ಯೆಯನ್ನು ಅನುಸರಿಸುವುದೆಂಬ ಮಹತ್ತಾದ ಸಂಗತಿಯು ಇದರಲ್ಲಿ ಅಡಗಿದೆ. ಆದರೆ ಇಲ್ಲಿ ಛೇದದ ಸ್ವಂತ ಗತಿಗೆ ಸ್ಥಾನವಿಲ್ಲ. ಅಕ್ಕಿಯ ದೃಷ್ಟಾಂತದಲ್ಲಿ ಹೇಳುವುದಾದರೆ, 360ನ್ನು 20ರಿಂದ ಭಾಗಿಸಿ 18 ಎಂದಂತೆ. ಛೇದದ ಬದಲಾವಣೆಯು ಸಣ್ಣದಾದುದರಿಂದ ಕರಣಗ್ರಂಥದ ವ್ಯವಹಾರಕ್ಕೆ ಅಷ್ಟು ಸಾಕಾಗಿದ್ದಿರಬೇಕು.

ಭಾಸ್ಕರಾಚಾರ್ಯರಿಗೂ ಇದೇ ಬಗೆಯ ಕಷ್ಟವು ಶೀಘ್ರಫಲದ ಗತಿಯಲ್ಲಿ ಎದುರಾಯಿತು. ಅಲ್ಲಿ ಭಾಜಕವು ಶೀಘ್ರಕರ್ಣ. ಅದು ಹೆಚ್ಚುಕಡಿಮೆಯಾಗುವುದು ಬಹು ಗಣನೀಯ. ಅವರು ಭಾಗಲಬ್ಧದ ಗತಿಯನ್ನು ನೇರವಾಗಿ ಸಾಧಿಸಲು ಹೋಗಲಿಲ್ಲ. ಕೇಂದ್ರಗತಿಯನ್ನು ಫಲದ ಕೋಟಿಜ್ಯೆಯಿಂದ ಗುಣಿಸಿ, ಕರ್ಣದಿಂದ ಭಾಗಿಸಿ, ಬಂದುದನ್ನು ಶೀಘ್ರೋಚ್ಚದ ಗತಿಯಿಂದ ಕಳೆದರೆ ಸ್ಫುಟಗತಿಯಾಗುವುದೆಂದು ವಿಧಿಸಿದರು. ಈ ಫಲವು ನಿರ್ದುಷ್ಟವಾದುದು. ಇಂದಿನ ಚಲನಕಲನದಿಂದ ಸಾಧಿಸಿದರೂ ಅದೇ ಬರುವುದು. ಫಲವು ಪರಮಾವಧಿಯನ್ನು ಮುಟ್ಟುವ ಸ್ಥಾನದಲ್ಲಿ ಗತಿಫಲವು ಇಲ್ಲವಾಗುವುದೆಂದೂ ಅವರು ಕಂಡಿದ್ದರು. ಆದರೆ ಭಾಗಿಸಿ ಬಂದ ಲಬ್ಧದ ಗತಿಯನ್ನು ಲಬ್ಧವೆಂದೇ ಹಿಡಿದು ವಿಚಾರಿಸುವ ಕೆಲಸವು ಮುಂದಿನವರಿಗೆ ಉಳಿಯಿತು.

ಆ ಮುಂದಿನವರು ಕೇರಳದವರು. ಸಂಗಮಗ್ರಾಮದ ಮಾಧವನಿಂದ ಆರಂಭವಾಗಿ, 14ನೆಯ ಶತಮಾನದಿಂದ ಗುರುಶಿಷ್ಯಪರಂಪರೆಯಾಗಿ ಅಲ್ಲಿ ಬೆಳೆದ ಗಣಿತವು ವಿದ್ವತ್ಪ್ರಪಂಚಕ್ಕೆ ಈಗ ಸುಪರಿಚಿತ. ಆ ಪರಂಪರೆಯ ನೀಲಕಂಠ ಸೋಮಯಾಜಿಯು 1500ರಲ್ಲಿ ಮುಗಿಸಿದ ತಂತ್ರಸಂಗ್ರಹದಲ್ಲಿ ಮಂದಫಲದ ಗತಿಯನ್ನು ಹಿಂದಿನವರಿಗಿಂತ ಸೂಕ್ಷ್ಮವಾಗಿ ಸಾಧಿಸಿದನು. ಜ್ಯೆಯಿಂದ ಚಾಪವನ್ನು ಪಡೆಯುವಾಗ, ಜ್ಯೆಯ ಗತಿಯನ್ನು ಆ ಫಲದ ಕೋಟಿಜ್ಯೆಯಿಂದ ಭಾಗಿಸಿದರೆ ಮಾತ್ರ ಚಾಪದ ಗತಿಯು ದೊರೆಯುವುದೆಂಬುದು ಅವನ ಸೂತ್ರದ ತಾತ್ಪರ್ಯ. ಅದೇ ಪರಂಪರೆಯ ಜ್ಯೇಷ್ಠದೇವನು ಸುಮಾರು 1530ರಲ್ಲಿ ಈ ಗಣಿತದ ಉಪಪತ್ತಿಗಳನ್ನು ಯುಕ್ತಿಭಾಷಾ ಎಂಬ ಗ್ರಂಥದಲ್ಲಿ ಮಲಯಾಳ ಭಾಷೆಯಲ್ಲಿಯೇ, ಗದ್ಯದಲ್ಲಿ, ಬರೆದಿಟ್ಟನು. ದೇಶಭಾಷೆಯಲ್ಲಿ ಉಪಪತ್ತಿಯನ್ನು ಬರೆಯಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣವು ಬೇಕಿಲ್ಲ.

ಅಚ್ಯುತ ಪಿಷಾರಟಿ

ಜ್ಯೇಷ್ಠದೇವನ ಶಿಷ್ಯರಲ್ಲಿ ಒಬ್ಬನು ಅಚ್ಯುತ ಪಿಷಾರಟಿ. ಕಾಲವು ಸುಮಾರು 1550ರಿಂದ 1621. ಸ್ಥಳವು ತಿರೂರಿನ ಸಮೀಪದ ತೃಕ್ಕಂಡಿಯೂರು. ಜ್ಯೌತಿಷದಲ್ಲಿ ಮಾತ್ರವಲ್ಲದೆ ವ್ಯಾಕರಣದಲ್ಲಿಯೂ ಪ್ರೌಢನಾಗಿದ್ದನು. ಸಂಸ್ಕೃತಜ್ಞರ ಮನೆಗಳಲ್ಲಿ ಪೂಜ್ಯಗ್ರಂಥವಾಗಿರುವ ನಾರಾಯಣೀಯದ ಕರ್ತೃ ಮೇಲ್ಪತ್ತೂರು ನಾರಾಯಣ ಭಟ್ಟತಿರಿಯು ಈತನ ಶಿಷ್ಯ. ಗುರುವಿನ ವಾತರೋಗವನ್ನು ಶಿಷ್ಯನು ತನ್ನ ಮೇಲೆ ಎಳೆದುಕೊಂಡು, ಅದರ ನಿವಾರಣೆಗಾಗಿ ಗುರುವಾಯೂರಿನಲ್ಲಿ ಕುಳಿತು ಆ ಸ್ತೋತ್ರವನ್ನು ರಚಿಸಿದನೆಂಬುದು ಐತಿಹ್ಯ. ಆ ಕಥೆಯನ್ನು ಕೇಳಿದವರು ಅನೇಕರು. ಆ ರೋಗಿಯಾದ ಗುರುವು ಗಣಿತಕ್ಕೆ ಏನನ್ನು ಕೊಟ್ಟನೆಂಬುದನ್ನು ಕೇಳಿದವರು ಕಡಮೆ.

ಅಚ್ಯುತನು ಸ್ಫುಟನಿರ್ಣಯತಂತ್ರವೆಂಬ ತನ್ನ ಗ್ರಂಥದಲ್ಲಿ ಗ್ರಹಗಳ ಸ್ಫುಟಗತಿಯನ್ನು ವಿಚಾರಿಸುವಾಗ, ಮಂಜುಲನ ಪಕ್ಷವನ್ನು ಅನುಸರಿಸಿದರೆ ಗತಿಫಲವು ಹೇಗಾಗಬೇಕೆಂಬ ಪ್ರಶ್ನೆಯನ್ನು ಎತ್ತಿಕೊಳ್ಳುವನು. ಅಂಶವು ಭುಜಾಫಲ, ಛೇದವು ಕೋಟಿಫಲದಿಂದ ಸಂಸ್ಕೃತವಾದ ರಾಶಿ. ಆತನ ವಿಧಿಯ ಸಾರಾಂಶವಿಷ್ಟು: ಭುಜಾಫಲದ ವರ್ಗವನ್ನು ಛೇದದಿಂದ ಭಾಗಿಸಿ, ಬಂದುದನ್ನು ಕೋಟಿಫಲಕ್ಕೆ ಸಂಸ್ಕಾರವಾಗಿ ಕೂಡಿಸಿಯೋ ಕಳೆದೋ, ಆ ರಾಶಿಯನ್ನು ಕೇಂದ್ರಗತಿಯಿಂದ ಗುಣಿಸಿ, ಪುನಃ ಛೇದದಿಂದ ಭಾಗಿಸಬೇಕು.

ಇದನ್ನು ನಮ್ಮ ಯಜಮಾನಿಯ ಲೆಕ್ಕದೊಡನೆ ಹೋಲಿಸಿ ನೋಡಿರಿ. ಭುಜಾಫಲದ ಗತಿಯು ಕೋಟಿಫಲವನ್ನು ಅನುಸರಿಸುವುದರಿಂದ ಕೋಟಿಫಲವೇ ಅಂಶದ ಗತಿ. ಕೋಟಿಫಲದ ಗತಿಯು ಭುಜಾಫಲವನ್ನು ಅನುಸರಿಸುವುದರಿಂದ ಭುಜಾಫಲವೇ ಛೇದದ ಗತಿ. ಲಬ್ಧವೆಂದರೆ ಭುಜಾಫಲವನ್ನು ಛೇದದಿಂದ ಭಾಗಿಸಿದ್ದು. ಆ ಲಬ್ಧವನ್ನು ಛೇದದ ಗತಿಯಿಂದ ಗುಣಿಸಿದರೆ ಭುಜಾಫಲದ ವರ್ಗವನ್ನು ಛೇದದಿಂದ ಭಾಗಿಸಿದಂತಾಯಿತು. ಅದನ್ನು ಅಂಶದ ಗತಿಗೆ ಸಂಸ್ಕರಿಸಿ, ಎಲ್ಲವನ್ನೂ ಛೇದದಿಂದ ಭಾಗಿಸುವುದೆಂದರೆ ಭಾಗಲಬ್ಧ ನಿಯಮವೇ ಸರಿ. ಮಂಜುಲನು ನಿಲ್ಲಿಸಿದ್ದ ಛೇದವನ್ನು ಅಚ್ಯುತನು ನಡೆಯಿಸಿದನು.

ಈ ಸಂಸ್ಕಾರವು ಕೇವಲ ಸೂಕ್ಷ್ಮತೆಯ ವಿನೋದವಲ್ಲವೆಂಬುದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಕೇಂದ್ರವು ಸರಿಯಾಗಿ 90 ಅಂಶವಾದಾಗ ಭುಜಾಫಲವು ತನ್ನ ಪರಮಾವಧಿಯಲ್ಲಿರುವುದು. ಆ ಕ್ಷಣದಲ್ಲಿ ಅದಕ್ಕೆ ಗತಿಯಿಲ್ಲ. ಅಂಶಕ್ಕೆ ಗತಿಯಿಲ್ಲವಾದುದರಿಂದ ಲಬ್ಧಕ್ಕೂ ಗತಿಯಿಲ್ಲವೆಂದು ಯಾರಿಗಾದರೂ ತೋರಬಹುದು. ಆದರೆ ಆಗ ಛೇದವು ಅತಿ ವೇಗದಿಂದ ಬದಲಾಗುತ್ತಿರುವುದು. ಚಂದ್ರನ ಮಂದವೃತ್ತಕ್ಕೆ ಕೇರಳದವರು ಹೇಳುವ 7ಕ್ಕೆ 80ರ ಪ್ರಮಾಣವನ್ನು ತೆಗೆದುಕೊಂಡು ಲೆಕ್ಕ ಹಾಕಿದರೆ, 7ನ್ನು 80ರಿಂದ ಭಾಗಿಸಿದುದರ ವರ್ಗವು ಸುಮಾರು 0.00766, ಚಂದ್ರಕೇಂದ್ರದ ದಿನಗತಿಯು ಸುಮಾರು 784 ಕಲೆ, ಇವೆರಡರ ಗುಣಲಬ್ಧವು 6 ಕಲೆ. ಎಂದರೆ ಇಲ್ಲವೆಂದು ತೋರಿದ ಗತಿಯು ದಿನವೊಂದಕ್ಕೆ 6 ಕಲೆಗಳಷ್ಟು ಉಂಟು. ತಿಥಿಯನ್ನು ಅಳೆಯುವ ಚಂದ್ರಸೂರ್ಯರ ಗತ್ಯಂತರವು ದಿನಕ್ಕೆ ಸರಾಸರಿ 731 ಕಲೆಗಳಾದುದರಿಂದ, ಒಂದು ದಿನದಷ್ಟು ದೂರದ ತಿಥ್ಯಂತವನ್ನು ಈ ಗತಿಯಿಂದ ಗುಣಿಸಿದರೆ ಸುಮಾರು ಅರ್ಧ ಘಳಿಗೆಯ ವ್ಯತ್ಯಾಸವು ಬರುವುದು. ಏಕಾದಶಿಯ ಪಾರಣೆಯ ಕಾಲವನ್ನು ಎದುರುನೋಡುವ ಮನೆಯವರಿಗೆ ಅರ್ಧ ಘಳಿಗೆಯೆಂದರೆ ಅಲ್ಪವಲ್ಲ.

ಲೈಬ್ನಿಟ್ಸನ ಹಾಳೆ

ಇನ್ನು ಯುರೋಪಿನ ಕಡೆಗೆ ನೋಡೋಣ. ಅಚ್ಯುತನು ತೀರಿಕೊಂಡ 54 ವರ್ಷಗಳ ಮೇಲೆ, 1675ನೆಯ ಇಸವಿ ನವೆಂಬರ್ 11ರಂದು, ಪ್ಯಾರಿಸ್ ನಗರದಲ್ಲಿ ವಾಸಿಸುತ್ತಿದ್ದ ಜರ್ಮನ್ ವಿದ್ವಾಂಸ ಗಾಟ್‌ಫ್ರೀಡ್ ಲೈಬ್ನಿಟ್ಸನು ಕೆಲವು ಹಾಳೆಗಳನ್ನು ಬರೆದನು. ಆಗ ಅವನಿಗೆ 29 ವರ್ಷ. ಚಲನಕಲನದ ಸಂಕೇತಗಳು ಅವನ ಮನಸ್ಸಿನಲ್ಲಿ ಮೂಡುತ್ತಿದ್ದ ದಿನಗಳವು. ಆ ಹಾಳೆಗಳಲ್ಲಿ ಅವನು ತನಗೆ ತಾನೇ ಒಂದು ಪ್ರಶ್ನೆಯನ್ನು ಹಾಕಿಕೊಂಡನು: ಎರಡು ರಾಶಿಗಳ ಗುಣಲಬ್ಧದ ಅತ್ಯಲ್ಪ ವೃದ್ಧಿಯು ಅವುಗಳ ವೃದ್ಧಿಗಳ ಗುಣಲಬ್ಧವೇ ಆಗುವುದೋ? ಭಾಗಲಬ್ಧದ ವೃದ್ಧಿಯು ವೃದ್ಧಿಗಳ ಭಾಗಲಬ್ಧವೇ ಆಗುವುದೋ? ಒಂದು ಉದಾಹರಣೆಯನ್ನು ಹಾಕಿ ನೋಡಿ ಹೌದೆಂದೇ ಬರೆದನು. ಆದರೆ ಅದೇ ಬರಹದಲ್ಲಿ ಮುಂದೆ ಹೋಗುತ್ತ, ಈ ಮಾತು ಸರಿಯಲ್ಲವೆಂದೂ, ಮೇಲೆ ಸಿದ್ಧವಾದಂತೆ ತೋರಿದ್ದರೂ ಅದನ್ನು ಬಿಡಬೇಕೆಂದೂ, ವಿಷಯವು ಕಠಿನವಾದುದೆಂದೂ ತಾನೇ ಬರೆದುಕೊಂಡನು. 1677ರ ಹೊತ್ತಿಗೆ ಗುಣಲಬ್ಧ ಭಾಗಲಬ್ಧಗಳೆರಡರ ನಿಯಮಗಳೂ ಅವನ ಬರಹಗಳಲ್ಲಿ ಶುದ್ಧರೂಪದಲ್ಲಿ ಕಾಣುತ್ತವೆ.

ಈ ಹಾಳೆಗಳ ವೃತ್ತಾಂತವು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದುದು. ಕೂಡುವಿಕೆ ಕಳೆಯುವಿಕೆಗಳಲ್ಲಿ ಗತಿಗಳನ್ನು ಹಾಗೆಯೇ ಕೂಡಿ ಕಳೆಯಬಹುದಾದುದರಿಂದ ಭಾಗಾಕಾರದಲ್ಲಿಯೂ ಹಾಗೆಯೇ ಇರಬೇಕೆಂದು ಮನಸ್ಸು ಹೇಳುವುದು ಸಹಜ. ಶಾಸ್ತ್ರದ ಕರ್ತೃವೇ ಅರ್ಧ ದಿನವಾದರೂ ಹಾಗೆ ನಂಬಿದ್ದನು. ಇಂದಿನ ಹುಡುಗನು ಪರೀಕ್ಷೆಯಲ್ಲಿ ಅದನ್ನೇ ಬರೆದರೆ ಅವನನ್ನು ಮಂದಬುದ್ಧಿಯೆಂದು ಗದರಿಸುವುದು ಉಪಾಧ್ಯಾಯರಿಗೆ ಉಚಿತವಲ್ಲ.

1684ರ ಅಕ್ಟೋಬರ್ ತಿಂಗಳಲ್ಲಿ ಲೈಪ್‌ಜಿಗ್ ನಗರದ ಆಕ್ಟಾ ಎರುಡಿಟೋರಂ ಎಂಬ ವಿದ್ವತ್ಪತ್ರಿಕೆಯಲ್ಲಿ ಲೈಬ್ನಿಟ್ಸನ ಲೇಖನವು ಅಚ್ಚಾಯಿತು. ಚಲನಕಲನದ ಬಗ್ಗೆ ಲೋಕದಲ್ಲಿ ಮುದ್ರಿತವಾದ ಮೊದಲ ಲೇಖನವು ಅದೇ. ಪರಮಾವಧಿಗಳನ್ನೂ ಸ್ಪರ್ಶರೇಖೆಗಳನ್ನೂ ಕಂಡುಹಿಡಿಯುವ ತನ್ನ ಹೊಸ ಪದ್ಧತಿಯು ಭಿನ್ನರಾಶಿಗಳಿಂದಲೂ ಕರಣಿಗಳಿಂದಲೂ ತಡೆಯಲ್ಪಡುವುದಿಲ್ಲವೆಂದು ಆತನು ಲೇಖನದ ತಲೆಬರಹದಲ್ಲಿಯೇ ಸಾರಿದ್ದನು. ಅವನಿಗೆ ಹಿಂದಿನ ಹುಡ್ಡೆ, ಸ್ಲೂಸ್ ಮೊದಲಾದವರ ಪದ್ಧತಿಗಳಲ್ಲಿ ಸಮೀಕರಣದಿಂದ ಭಿನ್ನಗಳನ್ನೂ ವರ್ಗಮೂಲಗಳನ್ನೂ ಮೊದಲು ಕಷ್ಟಪಟ್ಟು ನಿವಾರಿಸಿಕೊಳ್ಳಬೇಕಾಗಿತ್ತು. ಆ ಕಷ್ಟವನ್ನು ತಪ್ಪಿಸಿದ ಉಪಕರಣಗಳಲ್ಲಿ ಭಾಗಲಬ್ಧ ನಿಯಮವೂ ಒಂದು. ಲೇಖನದಲ್ಲಿ ಅದನ್ನು ಧನಋಣ ಚಿಹ್ನೆಗಳನ್ನು ಉಭಯವಾಗಿಟ್ಟು, ಉಪಪತ್ತಿಯನ್ನು ಕೊಡದೆಯೇ ಹೇಳಿದೆ. ನಮ್ಮ ಸೂತ್ರಕಾರರು ಸಂಕ್ಷೇಪಪ್ರಿಯರೆಂದು ಆಕ್ಷೇಪಿಸುವವರು ಈ ಲೇಖನವನ್ನೂ ನೋಡಬೇಕು. ಬರ್ನೂಲಿ ಸೋದರರಂತಹ ಧೀಮಂತರಿಗೂ ಅದನ್ನು ಬಿಡಿಸುವುದು ಕಷ್ಟವಾಯಿತು.

ನ್ಯೂಟನ್ನನು 1665 ಮತ್ತು 1666ರಲ್ಲಿಯೇ ಗತಿಗಳ ಗಣಿತವನ್ನು ಸ್ವತಂತ್ರವಾಗಿ ಸಾಧಿಸಿಕೊಂಡಿದ್ದರೂ ಬಹುಕಾಲ ಅಚ್ಚು ಮಾಡಿಸಲಿಲ್ಲ. 1687ರ ಪ್ರಿನ್ಸಿಪಿಯ ಗ್ರಂಥದ ಎರಡನೆಯ ಭಾಗದಲ್ಲಿ ಅವನು ಭಾಗಾಕಾರವನ್ನು ವಿಚಾರಿಸುವ ರೀತಿಯು ಸೊಗಸಾಗಿದೆ. ಯಾವ ರಾಶಿಯನ್ನೇ ಆಗಲಿ, ಅದರಿಂದ 1ನ್ನು ಭಾಗಿಸಿ ಬಂದ ಲಬ್ಧದೊಡನೆ ಗುಣಿಸಿದರೆ ಸದಾ 1 ಬರುವುದು, 1ಕ್ಕೆ ಗತಿಯಿಲ್ಲ, ಆದುದರಿಂದ ಗುಣಲಬ್ಧದ ಎರಡು ಬದಲಾವಣೆಗಳು ಒಂದನ್ನೊಂದು ಹೊಡೆದುಹಾಕಬೇಕು. ಛೇದವು ಬೆಳೆದಾಗ ಲಬ್ಧವು ಕುಗ್ಗುವ ಪ್ರಮಾಣವು ಇಷ್ಟರಿಂದಲೇ ಸಿದ್ಧಿಸಿತು. ಈ ಇಬ್ಬರು ಮಹಾಪುರುಷರ ಪಕ್ಷದವರು ಯಾರು ಮೊದಲೆಂದು ವರ್ಷಗಟ್ಟಲೆ ಕಾದಾಡಿದ ಕಥೆಯು ಪ್ರಸಿದ್ಧವಾಗಿದೆ. ಅದರಿಂದ ಗಣಿತಕ್ಕೆ ಲಾಭವೇನೂ ಆಗಲಿಲ್ಲ.

1696ರಲ್ಲಿ ಫ್ರಾನ್ಸ್ ದೇಶದ ಮಾರ್ಕ್ವಿಸ್ ಲೋಪಿತಾಲನು ಚಲನಕಲನದ ಮೊದಲ ಪಠ್ಯಪುಸ್ತಕವನ್ನು ಪ್ರಕಟಿಸಿದನು. ಅದರಲ್ಲಿಯ ವಿಷಯದ ಬಹುಭಾಗವು ಅವನಿಗೆ ವೇತನಕ್ಕೆ ಪಾಠ ಹೇಳಿದ ಯೋಹಾನ್ ಬರ್ನೂಲಿಯದು. ಭಾಗಲಬ್ಧ ನಿಯಮದ ಉಪಪತ್ತಿಯು ಅಲ್ಲಿ ನಾಲ್ಕು ಮಾತುಗಳಲ್ಲಿ ಮುಗಿದಿದೆ. ಅಂಶವೆಂದರೆ ಛೇದಲಬ್ಧಗಳ ಗುಣಲಬ್ಧ. ಗುಣಲಬ್ಧದ ನಿಯಮದಿಂದ ಅಂಶದ ವೃದ್ಧಿಯು ಎರಡು ತುಂಡುಗಳಾಗುವುದು. ಲಬ್ಧವನ್ನು ಛೇದವೃದ್ಧಿಯಿಂದ ಗುಣಿಸಿದ ತುಂಡನ್ನು ಕಳೆದು, ಉಳಿದುದನ್ನು ಛೇದದಿಂದ ಭಾಗಿಸಿದರೆ ಲಬ್ಧದ ವೃದ್ಧಿ. ಸ್ಫುಟನಿರ್ಣಯದಲ್ಲಿ ಕಂಡ ರೂಪವೇ ಇದು. ಅಕ್ಕಿಯ ಪಾಲಿನ ಲೆಕ್ಕವೂ ಇದೇ.

ಒಂದು ಸಂದೇಹವು ಮಾತ್ರ ಉಳಿದಿತ್ತು. 21ರ ಸ್ಥಾನದಲ್ಲಿ 20ನ್ನು ಇಡಲು ನಮಗೆ ಅಧಿಕಾರವನ್ನು ಕೊಟ್ಟವರು ಯಾರು? ವೃದ್ಧಿಯು ಶೂನ್ಯವಾದರೆ ಭಾಗಿಸುವಂತಿಲ್ಲ; ಶೂನ್ಯವಲ್ಲದಿದ್ದರೆ ಬಿಡುವಂತಿಲ್ಲ. 1734ರಲ್ಲಿ ಬಿಷಪ್ ಬರ್ಕ್ಲಿಯು ಈ ಆಕ್ಷೇಪವನ್ನು ಬಹು ತೀಕ್ಷ್ಣವಾಗಿ ಎತ್ತಿದನು. 1821 ಮತ್ತು 1823ರಲ್ಲಿ ಪ್ರಕಟವಾದ ಗ್ರಂಥಗಳಲ್ಲಿ ಕೋಶಿಯು ಸೀಮೆಯ ಕಲ್ಪನೆಯನ್ನು ಚಲನಕಲನಕ್ಕೆ ತಳಹದಿಯಾಗಿಟ್ಟ ಮೇಲೆ ಆ ಸಂದೇಹಕ್ಕೆ ಸಮಾಧಾನದ ದಾರಿಯು ದೊರೆಯಿತು.

ಯಾರಿಗೆ ಯಾವುದು ಸಲ್ಲಬೇಕು

ಈಗ ಲೇಖನದ ಆರಂಭದಲ್ಲಿ ಹೇಳಿದ ಎರಡು ಮಾತುಗಳನ್ನು ತೂಗಿ ನೋಡಬಹುದು. ನಮ್ಮವರಿಗೆ ಚಲನಕಲನದ ಗಂಧವೇ ಇರಲಿಲ್ಲವೆಂಬ ಮಾತು ನಿಲ್ಲುವುದಿಲ್ಲ. ಭಾಸ್ಕರಾಚಾರ್ಯರ ತಾತ್ಕಾಲಿಕ ಗತಿಯನ್ನು ಕಾಶಿಯ ಬಾಪುದೇವ ಶಾಸ್ತ್ರಿಗಳು 1858ರಲ್ಲಿಯೇ ವಿದ್ವಾಂಸರ ಮುಂದಿಟ್ಟರು. ಮಲಬಾರಿನಲ್ಲಿ ಕಂಪೆನಿ ಸರ್ಕಾರದ ಅಧಿಕಾರಿಯಾಗಿದ್ದ ಚಾರ್ಲ್ಸ್ ವಿಷ್ ಎಂಬವನು ಕೇರಳೀಯ ಗಣಿತದ ಮಹತ್ತ್ವವನ್ನು ತೋರಿಸಿ ಬರೆದ ಲೇಖನವು 1834ರಲ್ಲಿಯೇ ಅಚ್ಚಾಗಿತ್ತು. ಛೇದವೂ ಚಲಿಸುವುದೆಂಬ ತತ್ತ್ವವನ್ನು ಅಚ್ಯುತನು ಲೈಬ್ನಿಟ್ಸನ ಹಾಳೆಗಳಿಗಿಂತ ಅರ್ಧ ಶತಮಾನಕ್ಕೂ ಹಿಂದೆ ಪ್ರಯೋಗಿಸಿದ್ದನು. ಅವನ ಸೂತ್ರವೇ ಸಾಕ್ಷಿ.

ಆದರೆ ಎರಡನೆಯ ಮಾತೂ ನಿಲ್ಲುವುದಿಲ್ಲ. ಅಚ್ಯುತನ ಸೂತ್ರವು ಒಂದು ನಿಯತವಾದ ಅಂಶಕ್ಕೂ ಒಂದು ನಿಯತವಾದ ಛೇದಕ್ಕೂ ಹೇಳಿದ್ದು. ಭುಜಾಕೋಟಿಗಳ ಸ್ಥಾನದಲ್ಲಿ ಬೇರೆ ಯಾವ ರಾಶಿಗಳನ್ನಾದರೂ ಇಡಿರಿ, ನಿಯಮವು ಹೀಗೆಯೇ ಎಂದು ಸಾಮಾನ್ಯವಾಗಿ ವಿಧಿಸಿದವನು ಲೈಬ್ನಿಟ್ಸನು. ವಿಶೇಷವನ್ನು ಸಾಧಿಸಿದ್ದಕ್ಕೂ ಸಾಮಾನ್ಯವನ್ನು ವಿಧಿಸಿದ್ದಕ್ಕೂ ಅಂತರವು ದೊಡ್ಡದು. ನ್ಯಾಯಶಾಸ್ತ್ರವನ್ನು ಓದಿದವರು ಈ ಭೇದವನ್ನು ಅಲ್ಲಗಳೆಯಲಾರರು. ಇನ್ನು ಕೇರಳದ ಗ್ರಂಥಗಳು ಯುರೋಪಿಗೆ ಹೋಗಿ ಅಲ್ಲಿಯವರಿಗೆ ದಾರಿ ತೋರಿದುವೆಂಬುದಕ್ಕೆ ನೇರವಾದ ಲಿಖಿತ ಪ್ರಮಾಣವು ಇದುವರೆಗೆ ದೊರೆತಿಲ್ಲ. ಪ್ರಮಾಣವಿಲ್ಲದೆ ಪರರನ್ನು ಕಳ್ಳರೆನ್ನುವುದು ನಮ್ಮ ಶಾಸ್ತ್ರಗಳು ಕಲಿಸಿದ ರೀತಿಯಲ್ಲ. ಲೈಬ್ನಿಟ್ಸನು ಎಡವಿ ಎದ್ದ ಗುರುತು ಅವನ ಕೈಬರಹದಲ್ಲಿಯೇ ಉಳಿದಿದೆ. ಕದ್ದು ತಂದ ಸೂತ್ರವನ್ನು ಬರೆಯುವವನು ಹಾಗೆ ಎಡವುವುದಿಲ್ಲ.

ಕೇರಳದಲ್ಲಿ ಸಾಮಾನ್ಯ ನಿಯಮವು ಏಕೆ ಹುಟ್ಟಲಿಲ್ಲವೆಂದು ಕೇಳಿದರೆ, ನನಗೆ ತೋರುವ ಕಾರಣವಿದು: ಅವರ ಪ್ರಯೋಜನವು ಗ್ರಹಸ್ಫುಟ, ಅದಕ್ಕೆ ಬೇಕಾದುವು ಭುಜಾಕೋಟಿಗಳು ಮಾತ್ರ, ಅವುಗಳ ಗತಿಯು ಸಿದ್ಧಿಸಿದ ಮೇಲೆ ಬೇರೆ ರಾಶಿಗಳ ಗತಿಯನ್ನು ಕೇಳುವ ಸಂದರ್ಭವೇ ಬರಲಿಲ್ಲ. ಯುರೋಪಿನಲ್ಲಿ ಆ ಶತಮಾನದಲ್ಲಿ ಬಗೆಬಗೆಯ ವಕ್ರರೇಖೆಗಳ ಸ್ಪರ್ಶರೇಖೆಗಳನ್ನು ಎಳೆಯುವ ಪ್ರಶ್ನೆಗಳು ಒಂದರ ಮೇಲೊಂದು ಬರುತ್ತಿದ್ದುವು. ಅಕ್ಷರಸಂಕೇತಗಳೂ ಮುದ್ರಣಯಂತ್ರವೂ ಕೈಗೆ ಸಿಕ್ಕಿದ್ದುವು. ಅಚ್ಚಾದ ಆರೇಳು ಪುಟಗಳ ಲೇಖನವು ಹನ್ನೆರಡು ವರ್ಷಗಳಲ್ಲಿ ಪಠ್ಯಪುಸ್ತಕವಾಗಿ ಬೆಳೆಯಿತು. ಸ್ಫುಟನಿರ್ಣಯತಂತ್ರವಾದರೋ ಓಲೆಗರಿಯಲ್ಲಿಯೇ ಮಲಗಿದ್ದು, 1974ರಲ್ಲಿ ಕೆ. ವಿ. ಶರ್ಮರ ಸಂಪಾದನೆಯಿಂದ ಹೋಶಿಯಾರ್‌ಪುರದಲ್ಲಿ ಅಚ್ಚಿನ ಮುಖವನ್ನು ಕಂಡಿತು. ಗ್ರಂಥಕರ್ತನು ತೀರಿಕೊಂಡು ಅಷ್ಟುಹೊತ್ತಿಗೆ 353 ವರ್ಷಗಳಾಗಿದ್ದುವು. ಆ ನಡುವೆ ಗೆದ್ದಲಿಗೆ ಆಹಾರವಾದ ಗ್ರಂಥಗಳು ಎಷ್ಟೋ, ಅವುಗಳಲ್ಲಿ ಯಾವ ಉಪಪತ್ತಿಗಳಿದ್ದುವೋ ಬಲ್ಲವರಾರು?

ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹಗಳು ಎರಡು. ಹಳೆಯ ಮನೆಗಳ ಅಟ್ಟದ ಮೇಲೆ ಓಲೆಗರಿಯ ಕಟ್ಟುಗಳಿದ್ದರೆ, ಅವುಗಳಲ್ಲಿ ಏನಿದೆಯೆಂದು ಬಲ್ಲವರಿಗೆ ತೋರಿಸಿರಿ. ಪೂಜೆಯ ದಿನ ಅರಿಸಿನ ಕುಂಕುಮವನ್ನಿಟ್ಟು ಪುನಃ ಕಟ್ಟಿಡುವುದರಿಂದ ಗ್ರಂಥಕ್ಕೆ ಆಯುಸ್ಸು ಬರುವುದಿಲ್ಲ. ಎರಡನೆಯದು, ಮನೆಯ ಮಕ್ಕಳು ಈ ಸೂತ್ರವನ್ನು ಉರುಹೊಡೆಯುತ್ತಿದ್ದರೆ ಅವರನ್ನು ಸ್ವಲ್ಪ ತಡೆದು, 3000 ಸೇರು ಅಕ್ಕಿಯ ಲೆಕ್ಕವನ್ನು ಹಾಕಿಸಿರಿ. ಹೊಸದಾಗಿ ಬಂದವಳ ಪಾಲನ್ನು ಮೊದಲು ತೆಗೆದಿಡಬೇಕೆಂಬುದು ಅವರಿಗೆ ತಾನಾಗಿಯೇ ಹೊಳೆಯುವುದು. ಅದು ಹೊಳೆದ ಮೇಲೆ ಸೂತ್ರವನ್ನು ಮರೆತರೂ ಬಾಧಕವಿಲ್ಲ. ಬೇಕಾದಾಗ ಅವರೇ ಅದನ್ನು ಪುನಃ ಕಟ್ಟಿಕೊಳ್ಳಬಲ್ಲರು.